ರಿಜಿಸ್ಟರಿನಲ್ಲಿ ಕಾಲಂ ಇಲ್ಲದ ನೋವು

ಪ್ರತಿ ತಿಂಗಳ 9ನೇ ತಾರೀಖು ಬಂತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸರ್ಕಾರಿ ಆಸ್ಪತ್ರೆಗಳ ಮುಂದೆ ಗರ್ಭಿಣಿಯರ ಸಾಲು ಬೆಳೆಯುತ್ತದೆ. 2016ರ ಜೂನ್ ತಿಂಗಳಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಪ್ರಕಾರ ಅಂದು ವೈದ್ಯರೇ ಅವರನ್ನು ಉಚಿತವಾಗಿ ಪರೀಕ್ಷಿಸಬೇಕು. ತೂಕ ನೋಡುತ್ತಾರೆ, ರಕ್ತದೊತ್ತಡ ಅಳೆಯುತ್ತಾರೆ, ಹಿಮೋಗ್ಲೋಬಿನ್ ಎಷ್ಟಿದೆ ಎಂದು ಪರೀಕ್ಷಿಸುತ್ತಾರೆ. ಎಲ್ಲವೂ ತಾಯಿ ಕಾರ್ಡಿನಲ್ಲಿ ದಾಖಲಾಗುತ್ತದೆ. ಇವೆಲ್ಲ ಅಗತ್ಯವೇ, ಇವುಗಳಿಂದ ಜೀವಗಳು ಉಳಿದಿವೆ. ಆದರೆ ನಾನು ನೋಡಿದ ಯಾವ ತಾಯಿ ಕಾರ್ಡಿನಲ್ಲೂ ಒಂದು ಸಣ್ಣ ಪ್ರಶ್ನೆ ಮಾತ್ರ ಕಾಣಲಿಲ್ಲ: ‘ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ನಿಮಗೆ ತಿಳಿಯದೆಯೇ ಮೂತ್ರ ಜಾರುತ್ತದೆಯೇ?’

ಕಂದಾಯ ಇಲಾಖೆಯಲ್ಲಿ ಬದುಕು ಸವೆಸಿದ, ಅರವತ್ತು ದಾಟಿದ ಗಂಡಸೊಬ್ಬ ಇಂಥ ವಿಷಯ ಎತ್ತಿಕೊಂಡಿರುವುದು ಕೆಲವರಿಗೆ ಮುಜುಗರ ತರಬಹುದು. ನನಗೂ ಮುಜುಗರವಿಲ್ಲದಿಲ್ಲ. ಆದರೆ ಈ ಮುಜುಗರವೇ ಆ ಪ್ರಶ್ನೆಯನ್ನು ಇಷ್ಟು ಕಾಲ ಕಾರ್ಡಿನಿಂದ ಹೊರಗಿಟ್ಟಿದೆ ಎಂದು ತಿಳಿದ ಮೇಲೆ ಸುಮ್ಮನಿರುವುದು ತಪ್ಪೆನ್ನಿಸಿತು. ಇದಕ್ಕೆ ಒಂದು ಹಳೆಯ ಕಾರಣವೂ ಇದೆ.

1994ರಲ್ಲಿ ನಾನು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ತಾಲ್ಲೂಕೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಆಗ ಕುಟುಂಬ ಯೋಜನೆಗೆ ತಾಲ್ಲೂಕುವಾರು ಗುರಿ ನಿಗದಿಯಾಗುತ್ತಿತ್ತು. 1996ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಗುರಿ ಪದ್ಧತಿಯನ್ನು ಕೈಬಿಡುವವರೆಗೂ ಆ ಗುರಿಯ ಬಿಸಿ ಕಂದಾಯ ಅಧಿಕಾರಿಗಳಿಗೂ ತಟ್ಟುತ್ತಿತ್ತು. ಒಂದು ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸಾ ಶಿಬಿರದಲ್ಲಿ ಆರೋಗ್ಯ ಸಹಾಯಕಿಯೊಬ್ಬರು ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ, ‘ಸಾರ್, ಆ ಯಮ್ಮನಿಗೆ ಗರ್ಭಕೋಶ ಕೆಳಕ್ಕೆ ಜಾರಿದೆಯಂತೆ. ಕೊಡ ಎತ್ತೋಕೂ ಆಗಲ್ಲ, ಕಳೆ ಕೀಳೋಕೆ ಕುಕ್ಕರಗಾಲಲ್ಲಿ ಕೂರೋಕೂ ಆಗಲ್ಲ ಅಂತಾಳೆ. ಅದಕ್ಕೂ ಇಲ್ಲೇ ಏನಾದರೂ ಮಾಡ್ತಾರಾ ಅಂತ ಕೇಳ್ತಿದಾಳೆ’ ಎಂದರು. ಗೋಡೆಗೆ ಒರಗಿ ನಿಂತಿದ್ದ ಆಕೆಗೆ ಮೂವತ್ತು ತುಂಬಿರಲಾರದು. ಮೂರು ಮಕ್ಕಳ ತಾಯಿ. ‘ಇದು ಅದಕ್ಕೆ ಮಾಡಿದ ಶಿಬಿರ ಅಲ್ಲವಲ್ಲ, ಬೆಂಗಳೂರಿಗೆ ಹೋಗಲಿ ಅನ್ನಿ’ ಎಂದೆ. ಅಂದು ಆಕೆಗೆ ಶಸ್ತ್ರಚಿಕಿತ್ಸೆಯಾಯಿತು, ಹೆಸರು ರಿಜಿಸ್ಟರಿಗೆ ಹತ್ತಿತು, ನಮ್ಮ ಆ ದಿನದ ಗುರಿಯೂ ಮುಟ್ಟಿತು. ಆಕೆ ಹೇಳಿಕೊಂಡ ನೋವನ್ನು ಬರೆಯಲು ಆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ. ಆಕೆ ಬೆಂಗಳೂರಿಗೆ ಹೋದಳೇ ಎಂದು ವಿಚಾರಿಸಬೇಕೆಂದು ನನಗೂ ಹೊಳೆಯಲಿಲ್ಲ.

ಆ ಘಟನೆ ನನಗೆ ಮತ್ತೆ ನೆನಪಾದದ್ದು ಕೆಲವು ವರ್ಷಗಳ ಹಿಂದೆ, ನನ್ನ ಮಗಳು ಬಸುರಿಯಾಗಿದ್ದಾಗ. ಬೆಂಗಳೂರಿನಲ್ಲಿ ಅವಳ ವೈದ್ಯೆ ಐದನೆಯ ತಿಂಗಳಲ್ಲಿ ಅವಳನ್ನು ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಕಳುಹಿಸಿದರು. ಕಾಲು ಮುರಿದವರಿಗೆ, ಪಾರ್ಶ್ವವಾಯು ಬಡಿದವರಿಗೆ ಇರುವ ಚಿಕಿತ್ಸೆ ಗರ್ಭಿಣಿಗೇಕೆ ಎಂದು ನಾನು ಕೇಳಿದೆ. ಅವಳು ನಕ್ಕು, ಒಂದು ಚಿತ್ರ ಬರೆದು ವಿವರಿಸಿದಳು. ಅದನ್ನು ಕೇಳುತ್ತಿದ್ದ ನನ್ನ ಅಕ್ಕ ಬಹಳ ಹೊತ್ತು ಮೌನವಾಗಿದ್ದು, ‘ಅಮ್ಮನಿಗೂ ಇದೇ ಇತ್ತು’ ಎಂದಳು. ನಮ್ಮ ತಾಯಿ ದೂರದ ಬಸ್ ಪ್ರಯಾಣವೆಂದರೆ ಹಿಂಜರಿಯುತ್ತಿದ್ದರು. ಮದುವೆ ಮನೆಗಳಲ್ಲಿ ಹಿಂದಿನ ಬಾಗಿಲ ಬಳಿಯೇ ಕೂರುತ್ತಿದ್ದರು. ಅವರಿಗೆ ಜನಸಂದಣಿ ಆಗದು ಎಂದು ನಾವು ಗಂಡುಮಕ್ಕಳು ಕೊನೆಯವರೆಗೂ ನಂಬಿಕೊಂಡಿದ್ದೆವು.

ಏನಿದು ಸ್ನಾಯುಗಳ ಜೋಲಿ?

ಮಗಳು ಬರೆದು ತೋರಿಸಿದ ಚಿತ್ರ ಸರಳವಾದುದು. ಕಿಬ್ಬೊಟ್ಟೆಯ ತಳದಲ್ಲಿ, ಮುಂಭಾಗದ ಮೂಳೆಯಿಂದ ಹಿಂಭಾಗದ ಬಾಲಮೂಳೆಯವರೆಗೆ, ಸ್ನಾಯುಗಳ ಒಂದು ಹಾಸು ಇದೆ. ವೈದ್ಯರು ಇದನ್ನು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಕನ್ನಡದಲ್ಲಿ ಶ್ರೋಣಿ ತಳದ ಸ್ನಾಯುಗಳು ಎನ್ನಬಹುದು. ಹಳ್ಳಿಯ ಮನೆಗಳಲ್ಲಿ ತೊಲೆಗೆ ಸೀರೆ ಕಟ್ಟಿ ಮಗುವನ್ನು ಮಲಗಿಸುವ ಜೋಲಿಯನ್ನು ನೆನಪಿಸಿಕೊಳ್ಳಿ. ಈ ಹಾಸು ಅಂಥ ಒಂದು ಜೋಲಿ. ಮೂತ್ರಕೋಶ, ಗರ್ಭಕೋಶ, ಗುದನಾಳ ಈ ಮೂರಕ್ಕೂ ಅದೇ ಆಧಾರ. ಮೂತ್ರ, ಮಲಗಳನ್ನು ಬೇಕೆಂದಾಗ ತಡೆಹಿಡಿಯುವ, ಬೇಕೆಂದಾಗ ಬಿಡುವ ಹತೋಟಿಯೂ ಬಹುಪಾಲು ಅದರದ್ದೇ.

ಬಸಿರು ಬೆಳೆದಂತೆ ಈ ಜೋಲಿಯ ಮೇಲಿನ ಭಾರ ಹೆಚ್ಚುತ್ತದೆ. ಅದೇ ಕಾಲದಲ್ಲಿ ಹಾರ್ಮೋನುಗಳ ಪ್ರಭಾವದಿಂದ ದೇಹದ ಕಟ್ಟುಗಳು ಸಡಿಲಗೊಳ್ಳುತ್ತವೆ. ಹೆರಿಗೆಯ ಹೊತ್ತಿನಲ್ಲಿ ಮಗುವಿನ ತಲೆ ಹೊರಬರಲು ಈ ಸ್ನಾಯುಗಳು ತಮ್ಮ ಸಹಜ ಉದ್ದದ ಹಲವು ಪಟ್ಟು ಹಿಗ್ಗಬೇಕು. ಕೆಲವರಲ್ಲಿ ಹರಿಯುವುದೂ ಉಂಟು. ಬಹುಪಾಲು ತಾಯಂದಿರಲ್ಲಿ ಅವು ಮತ್ತೆ ಚೇತರಿಸಿಕೊಳ್ಳುತ್ತವೆ. ಚೇತರಿಸಿಕೊಳ್ಳದಿದ್ದರೆ ಮೂತ್ರ ಜಾರುವುದು, ಗಾಳಿ ಮತ್ತು ಮಲದ ಮೇಲೆ ಹತೋಟಿ ತಪ್ಪುವುದು, ಕೊನೆಗೆ ಗರ್ಭಕೋಶವೇ ಕೆಳಗೆ ಜಾರುವುದು. ಎಲ್ಲವೂ ಹೆರಿಗೆಯಾದೊಡನೆ ಕಾಣಿಸಿಕೊಳ್ಳುತ್ತವೆ ಎಂದೇನೂ ಇಲ್ಲ. ಇಪ್ಪತ್ತೈದರಲ್ಲಿ ಆದ ಹಾನಿ ಮುಟ್ಟು ನಿಂತ ಮೇಲೆ, ಐವತ್ತರ ಆಚೆಗೆ ತಲೆಯೆತ್ತಬಹುದು. ಸಿಸೇರಿಯನ್ ಆದವರಿಗೆ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲವೆಂದಲ್ಲ; ಒಂಬತ್ತು ತಿಂಗಳು ಭಾರ ಹೊತ್ತದ್ದು ಅದೇ ಜೋಲಿಯಲ್ಲವೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 31.5ರಷ್ಟು ಹೆರಿಗೆಗಳು ಸಿಸೇರಿಯನ್ ಆಗಿದ್ದವು ಎಂಬುದನ್ನು ಇಲ್ಲಿ ಗಮನಿಸಬೇಕು. ಹೊಟ್ಟೆ ಕೊಯ್ದರೆ ಈ ತೊಂದರೆ ಬಾರದು ಎಂಬ ನಂಬಿಕೆಗೆ ಆಧಾರ ಸಾಲದು.

ಚಿಕಿತ್ಸೆಯೂ ಅಷ್ಟೇ ಸರಳ. ದುರ್ಬಲವಾದ ತೋಳಿಗೆ ವ್ಯಾಯಾಮ ಕೊಟ್ಟಂತೆ ಈ ಸ್ನಾಯುಗಳಿಗೂ ವ್ಯಾಯಾಮ ಕೊಡಬಹುದು. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದರ ಕ್ರಮವನ್ನು ಪ್ರಕಟಿಸಿದ್ದರಿಂದ ಇದಕ್ಕೆ ಕೆಗೆಲ್ ವ್ಯಾಯಾಮ ಎಂಬ ಹೆಸರು ಬಂತು. ನಮ್ಮ ಹಠಯೋಗದ ಮೂಲಬಂಧವೂ ಇದೇ ಭಾಗವನ್ನು ಮೇಲಕ್ಕೆ ಸೆಳೆದು ಹಿಡಿಯುವ ಕ್ರಿಯೆಯೇ. ಉದ್ದೇಶ ಮಾತ್ರ ಬೇರೆ. ಗಾಳಿ ಮತ್ತು ಮೂತ್ರವನ್ನು ಒಟ್ಟಿಗೆ ತಡೆಹಿಡಿಯುವವರಂತೆ ಆ ಸ್ನಾಯುಗಳನ್ನು ಬಿಗಿದು ಮೇಲಕ್ಕೆ ಸೆಳೆಯಬೇಕು, ಕೆಲವು ಕ್ಷಣ ಹಿಡಿದು ಪೂರ್ತಿ ಸಡಿಲಬಿಡಬೇಕು. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ, ಪೃಷ್ಠಗಳನ್ನು ಬಿಗಿಯಬಾರದು. ಹೀಗೆ ಒಂದು ಸಲಕ್ಕೆ ಎಂಟು ಹತ್ತು ಬಾರಿಯಂತೆ ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಒಟ್ಟು ದಿನಕ್ಕೆ ಹತ್ತು ನಿಮಿಷ ಸಾಕು. ಕೂತು, ಮಲಗಿ, ಬಸ್ಸಿಗೆ ಕಾಯುತ್ತ ನಿಂತಲ್ಲೂ ಮಾಡಬಹುದು. ಪಕ್ಕದವರಿಗೆ ತಿಳಿಯುವುದೂ ಇಲ್ಲ.

ಇದು ಬರಿಯ ನಂಬಿಕೆಯ ಮಾತಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ 21 ದೇಶಗಳ 46 ಪ್ರಯೋಗಗಳನ್ನು, ಒಟ್ಟು 10,832 ಮಹಿಳೆಯರ ವಿವರಗಳನ್ನು ಪರಿಶೀಲಿಸಿತು. ಮೂತ್ರ ಜಾರುವ ತೊಂದರೆ ಇಲ್ಲದ ಗರ್ಭಿಣಿಯರು ಮೊದಲೇ ಈ ವ್ಯಾಯಾಮ ಆರಂಭಿಸಿದರೆ, ತುಂಬು ಬಸಿರಿನಲ್ಲಿ ಆ ತೊಂದರೆ ಕಾಣಿಸಿಕೊಳ್ಳುವ ಸಂಭವ ಶೇ 62ರಷ್ಟು, ಹೆರಿಗೆಯಾದ ಮೂರರಿಂದ ಆರು ತಿಂಗಳಲ್ಲಿ ಶೇ 29ರಷ್ಟು ತಗ್ಗುತ್ತದೆ ಎಂದು ಅದು ಹೇಳಿತು. ತೊಂದರೆ ಆಗಲೇ ಬಂದವರಿಗೆ ಗರ್ಭಾವಸ್ಥೆಯಲ್ಲಿ ಇದರಿಂದ ಎಷ್ಟು ಪ್ರಯೋಜನ ಎಂಬುದು ಅಷ್ಟು ಖಚಿತವಾಗಿಲ್ಲ ಎಂದೂ ಹೇಳಿತು. ಅರ್ಥ ಸ್ಪಷ್ಟವಾಗಿದೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದಕ್ಕಿಂತ ಮೊದಲೇ ತೋಡಿಕೊಳ್ಳುವುದು ಮೇಲು. ಇಂಗ್ಲೆಂಡಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಎಲ್ಲ ಗರ್ಭಿಣಿಯರಿಗೂ ಈ ವ್ಯಾಯಾಮಕ್ಕೆ ಪ್ರೋತ್ಸಾಹ ನೀಡಬೇಕೆಂದಿತು. ತಾಯಿಗೋ ಅಕ್ಕತಂಗಿಗೋ ಈ ತೊಂದರೆ ಇದ್ದ ಗರ್ಭಿಣಿಯರಿಗೆ 20ನೇ ವಾರದಿಂದ ಮೂರು ತಿಂಗಳು ತಜ್ಞರ ಮೇಲ್ವಿಚಾರಣೆಯಲ್ಲಿ ತರಬೇತಿ ಕೊಡುವುದನ್ನು ಪರಿಗಣಿಸಬೇಕೆಂದೂ ಸೂಚಿಸಿತು. ಫ್ರಾನ್ಸ್‌ನಲ್ಲಿ ಹೆರಿಗೆಯ ನಂತರದ ಇಂಥ ತರಬೇತಿಯ ವೆಚ್ಚವನ್ನು ಸಾಮಾಜಿಕ ವಿಮೆಯೇ ಭರಿಸುತ್ತದೆ.

ಮಗ್ಗದ ಮನೆಯಿಂದ ಗಾರ್ಮೆಂಟ್ಸ್‌ವರೆಗೆ

ನಮ್ಮ ಜಿಲ್ಲೆಗೆ ಇದರ ಪ್ರಸ್ತುತತೆ ಏನು? 1986ರ ಆಗಸ್ಟ್ 15ರಂದು ರೂಪುಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆ, 2007ರಲ್ಲಿ ರಾಮನಗರ ಬೇರ್ಪಟ್ಟ ಮೇಲೆ ನಾಲ್ಕು ತಾಲ್ಲೂಕುಗಳ ಜಿಲ್ಲೆಯಾಗಿ ಉಳಿಯಿತು. 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 9.9 ಲಕ್ಷ. ರಾಜಧಾನಿಯ ಹೆಸರು, ಹಳ್ಳಿಯ ದುಡಿಮೆ ಎರಡೂ ಈ ಜಿಲ್ಲೆಯ ಪಾಲಿಗೆ ಬಂದಿವೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂತು, ಭೂಮಿಯ ಬೆಲೆ ಮುಗಿಲು ಮುಟ್ಟಿತು. ಆದರೆ ಸೀಮೆಹಸುವಿಗೆ ಹುಲ್ಲಿನ ಹೊರೆ ಹೊರುವ, ಹಿಪ್ಪುನೇರಳೆ ಸೊಪ್ಪು ತರುವ, ರಾಗಿ ಕೊಯ್ಯುವ ಹೆಂಗಸಿನ ಬೆನ್ನು, ಸೊಂಟ ಬದಲಾಗಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತುವವಳು, ಅಲ್ಲಿಯ ಅಪೆರಲ್ ಪಾರ್ಕಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವವಳು, ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮಾಡುವವಳು, ಇವರೆಲ್ಲ ಹೆಚ್ಚು ಹೊತ್ತು ನಿಂತು ಅಥವಾ ಕೂತಲ್ಲೇ ಕೂತು ಕೆಲಸ ಮಾಡಬೇಕಾದವರು. ಪದೇಪದೇ ಶೌಚಾಲಯಕ್ಕೆ ಎದ್ದು ಹೋಗಲು ಸಂಕೋಚಪಟ್ಟು ಕುಡಿಯುವ ನೀರನ್ನೇ ಕಡಿಮೆ ಮಾಡಿಕೊಂಡ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ನೀರು ಕಡಿಮೆಯಾದರೆ ಮಲಬದ್ಧತೆ, ಮಲಬದ್ಧತೆಯಿಂದ ಮುಕ್ಕುವುದು, ಮುಕ್ಕಿದಷ್ಟೂ ಆ ಜೋಲಿಯ ಮೇಲೆ ಒತ್ತಡ.

ಬಾಣಂತನದ ಪದ್ಧತಿಗಳನ್ನೂ ಈ ದೃಷ್ಟಿಯಿಂದ ನೋಡಬೇಕು. ತವರಿನಲ್ಲಿ ಮೂರು ತಿಂಗಳು, ಐದು ತಿಂಗಳು ಇಟ್ಟುಕೊಂಡು ಭಾರ ಎತ್ತಲು ಬಿಡದೆ ಆರೈಕೆ ಮಾಡುವ ನಮ್ಮ ಕ್ರಮ ವಿವೇಕದ್ದು. ಹಿರಿಯರಿಗೆ ಅಂಗರಚನೆಯ ಶಾಸ್ತ್ರ ತಿಳಿದಿರಲಿಲ್ಲ, ಅನುಭವ ತಿಳಿದಿತ್ತು. ಆದರೆ ಬಾಣಂತಿಗೆ ನೀರು ಕೊಡಬಾರದು ಎಂಬ ಕಟ್ಟುಪಾಡು ಮಲಬದ್ಧತೆಗೆ ದಾರಿ. ಸೊಂಟಕ್ಕೆ ಬಟ್ಟೆ ಬಿಗಿಯುವುದರಿಂದ ಬೆನ್ನಿಗೆ ನೆಮ್ಮದಿ ಸಿಗಬಹುದು. ತಳದ ಸ್ನಾಯುಗಳಿಗೆ ಬಲ ಬಾರದು. ಅಲ್ಲದೆ ಆ ಮೂರು ತಿಂಗಳ ವಿಶ್ರಾಂತಿಯಾದರೂ ಯಾರಿಗೆ? ತವರಿನಲ್ಲಿ ಉಣ್ಣಲು ಇರುವವರಿಗೆ. ಕೂಲಿಯವಳಿಗೆ ತಿಂಗಳು ತುಂಬುವ ಮೊದಲೇ ಕೊಡ, ಕುಡುಗೋಲು ಕೈಗೆ ಬರುತ್ತದೆ.

ಈ ಭಾಗದ ಹೆಂಗಸರ ಸಂಕಟ ಅಧ್ಯಯನಕಾರರಿಗೆ ಹೊಸದೇನಲ್ಲ. 1989ರಲ್ಲಿ ರಾಣಿ ಬಂಗ್ ಮತ್ತು ಅವರ ಸಹೋದ್ಯೋಗಿಗಳು ಮಹಾರಾಷ್ಟ್ರದ ಗಡ್‌ಚಿರೋಲಿಯ ಎರಡು ಹಳ್ಳಿಗಳ 650 ಮಹಿಳೆಯರನ್ನು ಪರೀಕ್ಷಿಸಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಶೇ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಹಿಂದೆ ಎಂದಾದರೂ ಅದಕ್ಕಾಗಿ ಪರೀಕ್ಷೆ ಮಾಡಿಸಿಕೊಂಡವರು ಶೇ 8 ಮಾತ್ರ. 1990ರ ದಶಕದಲ್ಲಿ ಜೆ.ಸಿ. ಭಾಟಿಯಾ ಮತ್ತು ಜಾನ್ ಕ್ಲೀಲ್ಯಾಂಡ್ ಕರ್ನಾಟಕದ ಎಳೆಯ ತಾಯಂದಿರನ್ನು ಮನೆಮನೆಗೆ ಹೋಗಿ ಮಾತನಾಡಿಸಿದಾಗ ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿ ಇಂಥ ಯಾವುದಾದರೂ ಒಂದು ತೊಂದರೆಯನ್ನು ಹೇಳಿಕೊಂಡರು. ಕೇಳುವವರು ಬಂದಾಗ ಹೆಂಗಸರು ಹೇಳಿದ್ದಾರೆ. ಕೇಳುವವರೇ ಅಪರೂಪ.

ಹೆರಿಗೆಯ ಕೋಣೆಯೊಳಗೂ ಗಮನಿಸಬೇಕಾದ ಸಂಗತಿಗಳಿವೆ. ಮಗುವನ್ನು ಬೇಗ ಹೊರತರಲು ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತುವ ರೂಢಿ ಹಲವೆಡೆ ಉಂಟು. ಇದು ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಹೆರಿಗೆ ಆರೈಕೆಯ ಶಿಫಾರಸುಗಳಲ್ಲಿ ಹೇಳಿದೆ. ಸಮಯ ಬರುವ ಮೊದಲೇ ‘ಮುಕ್ಕಮ್ಮ, ಮುಕ್ಕು’ ಎಂದು ಅವಸರಿಸುವುದೂ ಒಳ್ಳೆಯದಲ್ಲ.

ಉಗುರಿಗೆ ಕೊಡಲಿ

ಚಿಕಿತ್ಸೆ ಸಿಗದೆ ಮುಂದುವರಿದ ತೊಂದರೆ ಕೊನೆಗೆ ಹೋಗಿ ನಿಲ್ಲುವುದೆಲ್ಲಿ? ಗರ್ಭಕೋಶ ತೆಗೆಸುವ ಶಸ್ತ್ರಚಿಕಿತ್ಸೆಯಲ್ಲಿ. ತೀವ್ರವಾಗಿ ಜಾರಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆರಂಭದ ಹಂತದಲ್ಲಿ ವ್ಯಾಯಾಮವಿದೆ, ಒಳಗೆ ಇಟ್ಟು ಆಧಾರ ಕೊಡುವ ಉಂಗುರದಂಥ ಪೆಸರಿ ಇದೆ. ಇವನ್ನು ಪ್ರಯತ್ನಿಸದೆಯೇ ಕತ್ತರಿಗೆ ಕೈಹಾಕುವುದು ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡಂತೆ. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಕಿಬ್ಬೊಟ್ಟೆ ನೋವು, ಬಿಳುಪು ಹೋಗುವುದು ಎಂದು ಬಂದವರೂ ಗರ್ಭಕೋಶ ಕಳೆದುಕೊಂಡು ಮರಳಿದ್ದರು. ದೇಶದ ಹಲವೆಡೆಯ ಇಂಥ ದೂರುಗಳ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಬೇಕೆಂದು ನಿರ್ದೇಶಿಸಿತು. ನೆರೆಯ ನೇಪಾಳದ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿತ್ತು. ಗರ್ಭಕೋಶ ಜಾರುವ ತೊಂದರೆಯನ್ನು ಸರ್ಕಾರ ನಿರ್ಲಕ್ಷಿಸುವುದು ಮಹಿಳೆಯರ ಹಕ್ಕಿನ ಉಲ್ಲಂಘನೆ ಎಂದು ಅದು 2008ರಲ್ಲೇ ತೀರ್ಪಿತ್ತಿತು. ಎಳೆಯ ವಯಸ್ಸಿನ ಹೆರಿಗೆ, ಬೆಟ್ಟದ ದಾರಿಯಲ್ಲಿ ಭಾರ ಹೊರುವುದು, ಬಾಣಂತಿಗೆ ವಿಶ್ರಾಂತಿ ಇಲ್ಲದಿರುವುದು ಅಲ್ಲಿಯ ಕಾರಣಗಳಾಗಿದ್ದವು. ಬೆಟ್ಟವೊಂದನ್ನು ಬಿಟ್ಟರೆ ಉಳಿದದ್ದು ನಮಗೆ ಅಪರಿಚಿತವಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಶಸ್ತ್ರಚಿಕಿತ್ಸೆಗೆ ಮಾರುವವರಿದ್ದಾರೆ, ದರವಿದೆ, ವಿಮೆಯಿದೆ. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆಯಿಂದ ಹಿಡಿದು ನಮ್ಮ ಆರೋಗ್ಯ ವಿಮೆಗಳೆಲ್ಲ ಬಹುಪಾಲು ಆಸ್ಪತ್ರೆಗೆ ದಾಖಲಾಗಿ ಮಾಡಿಸಿಕೊಳ್ಳುವ ಚಿಕಿತ್ಸೆಗೆ ರೂಪಿಸಿದವು. ಬಡವರಿಗೆ ಅವು ಆಸರೆಯಾಗಿವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹತ್ತು ನಿಮಿಷದ ವ್ಯಾಯಾಮ ಮಾರುವವರಿಲ್ಲದ ಸರಕು. ಅದರಿಂದ ಔಷಧ ಕಂಪನಿಗೆ ಲಾಭವಿಲ್ಲ, ನರ್ಸಿಂಗ್ ಹೋಂಗೆ ಬಿಲ್ ಇಲ್ಲ. ಅದರ ಖರ್ಚು ಇಂದಿನದು, ಫಲ ಇಪ್ಪತ್ತು ವರ್ಷದ ಆಚಿನದು. ಫಲ ಪಡೆಯುವವಳು ಸಂಘಟಿತಳಲ್ಲ, ಬಾಯಿಬಿಟ್ಟು ಕೇಳುವವಳೂ ಅಲ್ಲ. ಮಾರುಕಟ್ಟೆ ತಾನಾಗಿ ಒದಗಿಸದ ಇಂಥ ಸರಕನ್ನು ಒದಗಿಸುವುದೇ ಸರ್ಕಾರದ ಕೆಲಸ ಎಂದು ನಮ್ಮ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಈ ತರಬೇತಿಯ ಖರ್ಚು–ಲಾಭ ತೂಗಿದ ಅಧ್ಯಯನಗಳು ಕಡಿಮೆ ಎಂಬುದನ್ನು ಒಪ್ಪುತ್ತೇನೆ. ಆದರೆ ನಷ್ಟ ಲೆಕ್ಕಕ್ಕೆ ಸಿಕ್ಕಿಲ್ಲವೆಂದ ಮಾತ್ರಕ್ಕೆ ಅದು ಇಲ್ಲವೆಂದಾಗದು. ಕೂಲಿಗೆ ಹೋಗಲಾರದ ದಿನಗಳು, ಬಿಟ್ಟ ಕೆಲಸ, ತಪ್ಪಿಸಿದ ಮದುವೆ ಮುಂಜಿ, ಗಂಡನ ಮೂದಲಿಕೆ ಯಾವ ಜಮಾಖರ್ಚಿನಲ್ಲಿ ಬರುತ್ತವೆ?

ಏನು ಮಾಡಬಹುದು?

ಆಸ್ಪತ್ರೆಗಳಿಗೆ ಈಗಿರುವ ಹೊರೆಯೇ ಸಾಕಷ್ಟಿದೆ, ರಕ್ತಹೀನತೆಯಂಥ ದೊಡ್ಡ ಸಮಸ್ಯೆ ಇರುವಾಗ ಇದೇಕೆ ಎಂದು ವೈದ್ಯಾಧಿಕಾರಿಗಳು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. 2019–21ರ ಸಮೀಕ್ಷೆಯಲ್ಲಿ ರಾಜ್ಯದ ಗರ್ಭಿಣಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಆದರೆ ಒಂದು ಕೆಲಸ ಮತ್ತೊಂದಕ್ಕೆ ಅಡ್ಡಿಯಲ್ಲ. ನಮ್ಮ ರಾಜ್ಯ ಮಾಡಿ ತೋರಿಸಿರುವುದೂ ಇದೆ. 1998–99ರಲ್ಲಿ ಸುಮಾರು ಅರ್ಧದಷ್ಟು ಹೆರಿಗೆಗಳು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019–21ರ ಹೊತ್ತಿಗೆ ಅದು ಶೇ 97ಕ್ಕೆ ಏರಿತು. ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2001–03ರಲ್ಲಿ 228 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. ಆಶಾ ಕಾರ್ಯಕರ್ತೆಯರು, ಆರೋಗ್ಯ ಸಹಾಯಕಿಯರು ಹಳ್ಳಿ ಹಳ್ಳಿ ಸುತ್ತಿದ್ದರ ಫಲವಿದು. ತಾಯಿ ಬದುಕಿ ಉಳಿದಳು. ಹೇಗೆ ಬದುಕುತ್ತಿದ್ದಾಳೆ ಎಂದು ಕೇಳುವ ಕಾಲ ಈಗ ಬಂದಿದೆ.

ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯೋಜನೆಯ ಹೆಸರೂ ಬೇಡ. ಮೊದಲನೆಯದಾಗಿ, ತಾಯಿ ಕಾರ್ಡಿನಲ್ಲಿ ಎರಡು ಪ್ರಶ್ನೆಗಳು ಸೇರಲಿ: ಮೂತ್ರ ಜಾರುತ್ತದೆಯೇ? ಕೆಳಗೆ ಏನೋ ಇಳಿದಂತೆ, ಭಾರವಾದಂತೆ ಆಗುತ್ತದೆಯೇ? ಗರ್ಭಿಣಿಯಾಗಿದ್ದಾಗ ಒಮ್ಮೆ, ಹೆರಿಗೆಯಾದ ಆರು ವಾರಕ್ಕೆ ಒಮ್ಮೆ ಕೇಳಿದರೆ ಸಾಕು.

ಎರಡನೆಯದಾಗಿ, 9ನೇ ತಾರೀಖಿನಂದು ಸಾಲಿನಲ್ಲಿ ಕಾಯುವ ಗಂಟೆಗಳನ್ನೇ ಬಳಸಿಕೊಳ್ಳಬಹುದು. ಒಂದು ಕೋಣೆಯಲ್ಲಿ, ಗಂಡಸರಿಲ್ಲದೆ, ಹತ್ತು ಹನ್ನೆರಡು ಮಂದಿಗೆ ಒಟ್ಟಾಗಿ ಮಹಿಳಾ ಫಿಸಿಯೋಥೆರಪಿಸ್ಟ್ ಒಬ್ಬರು ಕಲಿಸಲಿ. ಬರಿಯ ಕರಪತ್ರ ಹಂಚಿದರೆ ಆಗದು. 1991ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಸಣ್ಣ ಅಧ್ಯಯನದಲ್ಲಿ, ಬಾಯಿಮಾತಿನ ಸೂಚನೆ ಪಡೆದವರಲ್ಲಿ ಸರಿಯಾಗಿ ಮಾಡಿದವರು ಅರ್ಧದಷ್ಟು ಮಾತ್ರ. ಕೆಲವರು ಮೇಲಕ್ಕೆ ಸೆಳೆಯುವ ಬದಲು ಕೆಳಕ್ಕೆ ಮುಕ್ಕುತ್ತಿದ್ದರು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳಿಂದ ವರ್ಷವೂ ಫಿಸಿಯೋಥೆರಪಿ ಪದವೀಧರರು ಹೊರಬರುತ್ತಿದ್ದಾರೆ. ಅವರ ಇಂಟರ್ನ್‌ಶಿಪ್ಪಿನ ಒಂದು ಭಾಗ ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆಯಲಿ. ಅವರಿಂದ ಆರೋಗ್ಯ ಸಹಾಯಕಿಯರೂ ಸಮುದಾಯ ಆರೋಗ್ಯ ಅಧಿಕಾರಿಗಳೂ ಕಲಿತರೆ ವಿದ್ಯೆ ಊರಿನಲ್ಲೇ ಉಳಿಯುತ್ತದೆ.

ಮೂರನೆಯದಾಗಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಪೆಸರಿ ದೊರೆಯುವಂತಾಗಲಿ, ಅದನ್ನು ಇಡಲು ಬಲ್ಲವರೂ ಇರಲಿ. ಗರ್ಭಕೋಶ ತೆಗೆಯುವ ಮುನ್ನ ಬೇರೆ ಯಾವ ಚಿಕಿತ್ಸೆ ಪ್ರಯತ್ನಿಸಲಾಯಿತು ಎಂದು ದಾಖಲಿಸುವುದು ಕಡ್ಡಾಯವಾಗಲಿ.

ನಾಲ್ಕನೆಯದು ಕಾರ್ಖಾನೆಗಳಿಗೆ ಸಂಬಂಧಿಸಿದ್ದು. ಗರ್ಭಿಣಿ ಕೋರಿದರೆ, ಹೆರಿಗೆಗೆ ಮುಂಚಿನ ನಿರ್ದಿಷ್ಟ ಅವಧಿಯಲ್ಲಿ ಅವಳಿಂದ ಶ್ರಮದ ಕೆಲಸವನ್ನೂ ದೀರ್ಘಕಾಲ ನಿಂತು ಮಾಡುವ ಕೆಲಸವನ್ನೂ ಮಾಡಿಸಬಾರದು ಎಂಬ ರಕ್ಷಣೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ‘ಕೋರಿದರೆ’ ಎಂಬ ಪದದಲ್ಲೇ ಎಡರಿದೆ. ಕೋರುವ ಧೈರ್ಯ ಯಾರಿಗಿದೆ? ಕೋರದಿದ್ದರೂ ಕೂರಲು ಆಸನ, ಶೌಚಾಲಯಕ್ಕೆ ಬಿಡುವು ಸಿಗುವಂತೆ ಕಾರ್ಮಿಕ ಇಲಾಖೆ ನೋಡಿಕೊಳ್ಳಬೇಕು.

ಓದುಗರಿಗೆ ಒಂದು ಎಚ್ಚರಿಕೆಯ ಮಾತು. ಇದು ಸರಳ ವ್ಯಾಯಾಮವೆಂದು ಎಲ್ಲರಿಗೂ ಒಂದೇ ಅಳತೆ ಅಲ್ಲ. ಕೆಲವರಲ್ಲಿ ಈ ಸ್ನಾಯುಗಳು ಸಡಿಲವಾಗಿರುವ ಬದಲು ಅತಿಯಾಗಿ ಬಿಗಿದುಕೊಂಡು ನೋವು ಕೊಡುತ್ತಿರುತ್ತವೆ. ಅಂಥವರು ಮೊದಲು ಸಡಿಲಿಸುವುದನ್ನು ಕಲಿಯಬೇಕು. ರಕ್ತಸ್ರಾವ, ದಿನ ತುಂಬುವ ಮೊದಲೇ ನೋವು ಮುಂತಾದ ತೊಡಕು ಇದ್ದವರು ವೈದ್ಯರನ್ನು ಕೇಳದೆ ಏನನ್ನೂ ಆರಂಭಿಸಬಾರದು. ಮೂತ್ರ ಮಾಡುವಾಗ ಮಧ್ಯದಲ್ಲಿ ತಡೆದು ಅಭ್ಯಾಸ ಮಾಡುವ ರೂಢಿಯೂ ಒಳ್ಳೆಯದಲ್ಲ.

ಗಂಡಸರಿಗೂ ಇಲ್ಲಿ ಕೆಲಸವಿದೆ. ಮನೆಯಲ್ಲಿ ಬಸುರಿ ಬಾಣಂತಿಯರಿದ್ದಾಗ ಕೊಡ, ಹೊರೆ, ಗ್ಯಾಸ್ ಸಿಲಿಂಡರನ್ನು ಎತ್ತಿಡುವುದಕ್ಕೆ ವೈದ್ಯಶಾಸ್ತ್ರ ಓದಬೇಕಾಗಿಲ್ಲ. ಅಮ್ಮ ಏಕೆ ಬಸ್ಸು ಹತ್ತುವುದಿಲ್ಲ, ಹೆಂಡತಿ ಏಕೆ ಜಾತ್ರೆಗೆ ಬರುವುದಿಲ್ಲ ಎಂದು ಒಮ್ಮೆ ಮೆಲ್ಲಗೆ ಕೇಳಬಹುದು. ನಾನು ಕೇಳಲಿಲ್ಲ.

ಆ ಶಿಬಿರದಲ್ಲಿ ಗೋಡೆಗೆ ಒರಗಿ ನಿಂತಿದ್ದ ಹೆಂಗಸು ಈಗ ಇದ್ದರೆ ಆಕೆಗೂ ಅರವತ್ತರ ಆಸುಪಾಸು, ಹೆಚ್ಚುಕಡಿಮೆ ನನ್ನ ವಯಸ್ಸು. ಆಕೆಯ ಮಗಳಿಗೆ ಮದುವೆಯಾಗಿರಬಹುದು, ಮೊಮ್ಮಗಳು ಮುಂದೊಂದು ದಿನ 9ನೇ ತಾರೀಖಿನ ಸಾಲಿನಲ್ಲಿ ನಿಲ್ಲಬಹುದು. ಅಂದು ಆ ಹುಡುಗಿಯ ಕೈಯಲ್ಲಿರುವ ತಾಯಿ ಕಾರ್ಡಿನಲ್ಲಿ, ಅವಳ ಅಜ್ಜಿಯ ಪ್ರಶ್ನೆಗೆ ಒಂದು ಕಾಲಂ ಇರಲಿ.